ವಿಫಲ ಪ್ರವೇಶಯತ್ನದ ಚರಿತ್ರೆ: ಗುಪ್ತಪದದ ಆರಂಭದಿಂದ ಪ್ರಾಕ್ಸಿ ಸರ್ವರ್‌ವರೆಗೆ

ಗಣಕಯಂತ್ರಗಳ ಭದ್ರತೆಯನ್ನು ಕುರಿತ ಚಾರಿತ್ರಿಕ ಬರವಣಿಗೆಯಲ್ಲಿ ಗುಪ್ತಪದಕ್ಕೆ, ಅಂದರೆ ವಾಡಿಕೆಯಲ್ಲಿ ಪಾಸ್‌ವರ್ಡ್ ಎಂದು ಕರೆಯಲಾಗುವ ಗುರುತಿನ ಮಾತಿಗೆ, ಸಾಕಷ್ಟು ಸ್ಥಾನ ದೊರೆತಿದೆ. ಆದರೆ ಗುಪ್ತಪದವು ತಪ್ಪಾದಾಗ ಯಂತ್ರವು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಷ್ಟೇ ಗಮನ ಸಂದಿಲ್ಲ. ತಪ್ಪು ಪದವನ್ನು ಒತ್ತಿದವನು ಮರೆವಿಗೆ ಸಿಕ್ಕಿದವನೋ, ಬೆರಳು ಜಾರಿದವನೋ, ಅಥವಾ ಪರರ ಖಾತೆಗೆ ಕನ್ನ ಹಾಕಲು ಬಂದವನೋ ಎಂಬುದು ಯಂತ್ರಕ್ಕೆ ತಿಳಿಯದು. ಅದರ ಮುಂದಿರುವುದು ಹೊಂದದ ಎರಡು ಅಕ್ಷರಮಾಲೆಗಳು ಮಾತ್ರ. ಆ ಹೊಂದಿಕೆಯಿಲ್ಲದಿರುವಿಕೆಗೆ ಅರ್ಥ ಹಚ್ಚುವ ಕೆಲಸವನ್ನು ಮನುಷ್ಯರು ನಿಯಮಗಳ ರೂಪದಲ್ಲಿ ಮಾಡುತ್ತ ಬಂದಿದ್ದಾರೆ. ಈ ನಿಯಮಗಳು ರೂಪುಗೊಂಡ ಬಗೆಯನ್ನೂ, ಸಂಸ್ಥೆಗಳ ಒಳಜಾಲಕ್ಕೂ ಹೊರಗಿನ ಅಂತರಜಾಲಕ್ಕೂ ನಡುವೆ ಮಧ್ಯವರ್ತಿಯಾಗಿ ನಿಲ್ಲುವ ಪ್ರಾಕ್ಸಿ ಸರ್ವರ್‌ಗಳಲ್ಲಿ ಅವು ತೊಡಕಿಗೆ ಸಿಕ್ಕಿದ ಬಗೆಯನ್ನೂ ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫೆರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ರೂಪುಗೊಂಡ ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆಯ ವ್ಯವಸ್ಥೆಯನ್ನು 1961ರ ನವೆಂಬರ್‌ನಲ್ಲಿ ಮೊದಲಿಗೆ ಪ್ರದರ್ಶಿಸಲಾಯಿತು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವಾಗ ಒಬ್ಬರ ಕಡತ ಮತ್ತೊಬ್ಬರ ಕೈಗೆ ಸಿಗಬಾರದು, ಒಬ್ಬರ ಪಾಲಿನ ಸಮಯವನ್ನು ಮತ್ತೊಬ್ಬರು ಕಬಳಿಸಬಾರದು ಎಂಬ ಉದ್ದೇಶದಿಂದ ಅಲ್ಲಿ ಗುಪ್ತಪದವು ಬಳಕೆಗೆ ಬಂದಿತು. ಈ ಏರ್ಪಾಡು ಮೊದಲು ಸೋತದ್ದು ಊಹೆಯ ಮುಂದಲ್ಲ. ವಾರಕ್ಕೆ ತಮಗೆ ದೊರೆತಿದ್ದ ನಾಲ್ಕು ಗಂಟೆಗಳ ಯಂತ್ರಸಮಯ ಸಾಲದೆಂದು ಆ್ಯಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಯು 1962ರಲ್ಲಿ ಗುಪ್ತಪದಗಳ ಕಡತವನ್ನೇ ಮುದ್ರಿಸಿಕೊಂಡರು; ಈ ಸಂಗತಿಯನ್ನು ಅವರೇ ಸುಮಾರು ಇಪ್ಪತ್ತೈದು ವರ್ಷಗಳ ತರುವಾಯ ಹೇಳಿಕೊಂಡರು. 1966ರಲ್ಲಿ ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ದಿನದ ಸಂದೇಶ ಕಾಣಬೇಕಾದೆಡೆ ಎಲ್ಲರ ಗುಪ್ತಪದಗಳೂ ಪ್ರತಿಯೊಂದು ಟರ್ಮಿನಲ್‌ನಲ್ಲಿ ಅಚ್ಚಾದವು. ಬೀಗವನ್ನು ಯಾರೂ ಮುರಿಯಲಿಲ್ಲ. ಬೀಗದ ಕೈಗೊಂಚಲೇ ಬಯಲಾಯಿತು.

ಇಂಥ ಅನಾಹುತಗಳಿಗೆ ಪರಿಹಾರ ದೊರೆತದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ಟೈಟನ್ ಗಣಕದ ವ್ಯವಸ್ಥೆಯಲ್ಲಿ ರೋಜರ್ ನೀಡಮ್ ಅವರು ಗುಪ್ತಪದವನ್ನು ಇದ್ದಂತೆಯೇ ಇಡದೆ, ಹಿಂದಕ್ಕೆ ಬಿಡಿಸಲಾಗದ ಗಣಿತಕ್ರಮದಿಂದ ರೂಪಾಂತರಿಸಿ ಇಡುವ ವಿಧಾನವನ್ನು ಯೋಜಿಸಿದರು. ಮಾರಿಸ್ ವಿಲ್ಕ್ಸ್ ಅವರ 1968ರ ಗ್ರಂಥದಿಂದ ಇದು ವಿದ್ವತ್‌ಲೋಕಕ್ಕೆ ಪರಿಚಯವಾಯಿತು. ಈ ಬದಲಾವಣೆಯ ಒಂದು ಪರಿಣಾಮವನ್ನು ಇಲ್ಲಿ ಗುರುತಿಸಬೇಕು. ಕಡತವನ್ನು ಕದ್ದರೂ ಪ್ರಯೋಜನವಿಲ್ಲವೆಂದಾದ ಮೇಲೆ ಹೊರಗಿನವನಿಗೆ ಉಳಿದ ದಾರಿ ಊಹಿಸುವುದು, ತಪ್ಪುವುದು, ಮತ್ತೆ ಊಹಿಸುವುದು. ವಿಫಲ ಯತ್ನಕ್ಕೆ ಚಾರಿತ್ರಿಕ ಮಹತ್ತ್ವ ಬಂದುದು ಇಲ್ಲಿಂದ ಮುಂದೆ.

ಊಹೆಯು ಎಷ್ಟು ಸುಲಭ ಎಂಬುದನ್ನು ಅಂಕಿಅಂಶಗಳಿಂದ ತೋರಿಸಿದವರು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ಯುನಿಕ್ಸ್ ವ್ಯವಸ್ಥೆಯ ಅನುಭವವನ್ನು ಆಧರಿಸಿ ಅವರು 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ 3,289 ಗುಪ್ತಪದಗಳನ್ನು ಪರಿಶೀಲಿಸಲಾಗಿದೆ. ಅವುಗಳಲ್ಲಿ 15 ಪದಗಳು ಒಂದೇ ಅಕ್ಷರದವು, 72 ಎರಡಕ್ಷರದವು, 464 ಮೂರಕ್ಷರದವು. ತೀರ ಚಿಕ್ಕ ಪದಗಳು ಹಾಗೂ ನಿಘಂಟುಗಳಲ್ಲಿ ಸಿಗುವ ಪದಗಳು ಸೇರಿ ಒಟ್ಟು ಸೇಕಡ 86ರಷ್ಟು ಪದಗಳು ಸುಲಭವಾಗಿ ಪತ್ತೆಯಾಗುವಂತಿದ್ದವು. ಅದೇ ಲೇಖನದ ಒಂದು ಚಿಕ್ಕ ಭಾಗವು ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರದ್ದು. ಮೊದಲ ಯುನಿಕ್ಸ್‌ನಲ್ಲಿ ಬಳಕೆದಾರನ ಹೆಸರು ಸರಿಯಾಗಿದ್ದರೆ ಮಾತ್ರ ಗುಪ್ತಪದದ ರೂಪಾಂತರ ನಡೆಯುತ್ತಿತ್ತು. ಹೀಗಾಗಿ ಉತ್ತರವು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿತ್ತು. ಹೆಸರೇ ಸುಳ್ಳಾಗಿದ್ದರೆ ನಿರಾಕರಣೆ ತಕ್ಷಣ ಬರುತ್ತಿತ್ತು. ಎರಡೂ ಸಂದರ್ಭಗಳಲ್ಲಿ ತೆರೆಯ ಮೇಲಿನ ಮಾತು ಒಂದೇ ಆದರೂ, ಆ ಅರ್ಧ ಸೆಕೆಂಡಿನ ಮೌನವು ಹೆಸರು ನಿಜವೆಂಬುದನ್ನು ಬಿಟ್ಟುಕೊಡುತ್ತಿತ್ತು. ಎರಡಕ್ಕೂ ಒಂದೇ ಬಗೆಯ ಪ್ರತಿಕ್ರಿಯೆ ಬರುವಂತೆ ಅದನ್ನು ತಿದ್ದಲಾಯಿತು. ನಿರಾಕರಿಸುವ ರೀತಿಯೂ ಒಂದು ಮಾಹಿತಿ ಎಂಬ ಅರಿವು ಇಲ್ಲಿ ಸ್ಪಷ್ಟವಾಗಿ ಮೂಡಿದೆ.

ಈ ಅರಿವಿನ ಅಭಾವದಿಂದಾದ ಪ್ರಮಾದಕ್ಕೆ ಪಿ.ಡಿ.ಪಿ.-10 ಯಂತ್ರದ ಮೇಲೆ ನಡೆಯುತ್ತಿದ್ದ ಟೆನೆಕ್ಸ್ ಎಂಬ ಕಾರ್ಯವ್ಯವಸ್ಥೆಯು ಅತ್ಯುತ್ತಮ ನಿದರ್ಶನ. ಬಟ್ಲರ್ ಲ್ಯಾಂಪ್ಸನ್ ಅವರು ಗಣಕವ್ಯವಸ್ಥೆಗಳ ವಿನ್ಯಾಸವನ್ನು ಕುರಿತ ತಮ್ಮ 1983ರ ಪ್ರಸಿದ್ಧ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಟೆನೆಕ್ಸ್‌ನ ರಚನಕಾರರು ವಿಫಲ ಯತ್ನದ ಬಗ್ಗೆ ಯೋಚಿಸಿರಲಿಲ್ಲವೆಂದು ಹೇಳುವಂತಿಲ್ಲ. ಗುಪ್ತಪದ ತಪ್ಪಾದರೆ ಮೂರು ಸೆಕೆಂಡು ಕಾಯಿಸಿ, ಆಮೇಲೆ ತಪ್ಪೆಂದು ತಿಳಿಸುವ ವ್ಯವಸ್ಥೆ ಅಲ್ಲಿತ್ತು. ಆದರೆ ಹೋಲಿಕೆಯು ಒಂದೊಂದೇ ಅಕ್ಷರವಾಗಿ ಸಾಗುತ್ತಿತ್ತು. ಮೊದಲ ತಪ್ಪು ಅಕ್ಷರದಲ್ಲಿಯೇ ನಿಲ್ಲುತ್ತಿತ್ತು. ಚತುರನಾದ ಆಕ್ರಮಣಕಾರನು ತನ್ನ ಊಹೆಯ ಮೊದಲ ಅಕ್ಷರವು ಸ್ಮೃತಿಯ ಒಂದು ಪುಟದ ಕೊನೆಯಲ್ಲಿಯೂ ಉಳಿದವು ಅಸ್ತಿತ್ವದಲ್ಲಿಲ್ಲದ ಮುಂದಿನ ಪುಟದಲ್ಲಿಯೂ ಬರುವಂತೆ ಇಡುತ್ತಿದ್ದನು. ಮೊದಲಕ್ಷರ ತಪ್ಪಾಗಿದ್ದರೆ ಮೂರು ಸೆಕೆಂಡಿನ ಬಳಿಕ ನಿರಾಕರಣೆ. ಸರಿಯಾಗಿದ್ದರೆ ಯಂತ್ರವು ಎರಡನೆಯ ಅಕ್ಷರಕ್ಕಾಗಿ ಇಲ್ಲದ ಪುಟಕ್ಕೆ ಕೈಹಾಕಿ ಬೇರೆಯೇ ದೋಷವನ್ನು ವರದಿ ಮಾಡುತ್ತಿತ್ತು. ಹೀಗೆ ಒಂದೊಂದಾಗಿ ಎಲ್ಲ ಅಕ್ಷರಗಳೂ ಕೈಸೇರುತ್ತಿದ್ದವು. ಲ್ಯಾಂಪ್ಸನ್ ಅವರ ಲೆಕ್ಕದಂತೆ ಒಂದು ಅಕ್ಷರಕ್ಕೆ ಸರಾಸರಿ 64 ಯತ್ನಗಳು ಸಾಕು. ಎಂಟು ಅಕ್ಷರಗಳ ಪದಕ್ಕೆ ಇದನ್ನು ಅನ್ವಯಿಸಿದರೆ 512 ಯತ್ನಗಳಾಗುತ್ತವೆ. ಪ್ರತಿಯೊಂದಕ್ಕೂ ಮೂರು ಸೆಕೆಂಡು ಕಾದರೂ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಈ ದೋಷ ಇಲ್ಲದಿದ್ದಲ್ಲಿ ಅದೇ ಪದಕ್ಕೆ ಸರಾಸರಿ 360 ಕೋಟಿ ಕೋಟಿ ಯತ್ನಗಳು ಬೇಕಾಗುತ್ತಿದ್ದವು.

ಎಂಬತ್ತರ ದಶಕದಲ್ಲಿ ಟೆಲಿಫೋನ್ ತಂತಿಯ ಮೂಲಕ ದೂರದಿಂದ ಗಣಕಗಳನ್ನು ಸಂಪರ್ಕಿಸುವ ರೂಢಿ ಬೆಳೆದಂತೆ ಸರ್ಕಾರಿ ನಿಯಮಗಳೂ ಕಾಣಿಸಿಕೊಂಡವು. ಅಮೆರಿಕದ ರಕ್ಷಣಾ ಇಲಾಖೆಯು 1985ರ ಏಪ್ರಿಲ್‌ನಲ್ಲಿ ಹೊರತಂದ ಗುಪ್ತಪದ ನಿರ್ವಹಣೆಯ ಮಾರ್ಗದರ್ಶಿಯು, ಹಸಿರು ಹೊದಿಕೆಯಿಂದಾಗಿ ಹಸಿರು ಪುಸ್ತಕವೆಂದೇ ಹೆಸರಾದದ್ದು, ಈ ವಿಷಯಕ್ಕೆ ಒಂದು ಸರಳ ಸೂತ್ರವನ್ನು ಕೊಟ್ಟಿತು. ಗುಪ್ತಪದದ ಆಯುಷ್ಯವನ್ನು ಊಹೆಯ ವೇಗದಿಂದ ಗುಣಿಸಿ, ಸಾಧ್ಯವಿರುವ ಪದಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಪದವು ಪತ್ತೆಯಾಗುವ ಸಂಭವನೀಯತೆ ದೊರೆಯುತ್ತದೆ. ಗಮನಿಸಬೇಕಾದ ಅಂಶವೆಂದರೆ ಈ ಸೂತ್ರದಲ್ಲಿ ‘ಮೂರು ಬಾರಿ’ ಎಂಬ ಮಿತಿಗೆ ಎಡೆಯೇ ಇಲ್ಲ. ಅದು ಮಾತನಾಡುವುದು ವೇಗದ ಬಗ್ಗೆ. ಊಹೆಯನ್ನು ನಿಧಾನಗೊಳಿಸಿದರೆ ಸಾಕು, ಖಾತೆಗೆ ಬೀಗ ಜಡಿಯಬೇಕೆಂಬುದು ಗಣಿತದಿಂದ ಹುಟ್ಟುವ ತೀರ್ಮಾನವಲ್ಲ. ಆದರೂ ಲೋಕದಲ್ಲಿ ರೂಢವಾದದ್ದು ಮೂರರ ನಿಯಮವೇ. ಮೂರು ತಪ್ಪಿಗೆ ಖಾತೆ ಬಂದ್ ಎಂಬ ಕಟ್ಟಳೆಗೆ ಅನುಭವಾಧಾರಿತ ಸಮರ್ಥನೆಯನ್ನು ಹುಡುಕಿದ ಲಂಡನ್ನಿನ ಸಾಶಾ ಬ್ರಾಸ್ಟಾಫ್ ಮತ್ತು ಆ್ಯಂಜೆಲಾ ಸಾಸ್ ಅವರು 2003ರ ತಮ್ಮ ಲೇಖನದಲ್ಲಿ ಹತ್ತು ಯತ್ನಗಳವರೆಗೆ ಅವಕಾಶ ಕೊಟ್ಟರೆ ನಿಜವಾದ ಬಳಕೆದಾರರ ಬವಣೆ ಗಣನೀಯವಾಗಿ ತಗ್ಗುವುದೆಂದು ವಾದಿಸಿದರು. ಮೂರು ಎಂಬ ಸಂಖ್ಯೆಗೆ ಜನಮನದಲ್ಲಿರುವ ಮಾನ್ಯತೆಯೇ ಅದರ ಮುಖ್ಯ ಆಧಾರವಾಗಿತ್ತೆಂದರೆ ತಪ್ಪಾಗಲಾರದು.

ಅದೇ ದಶಕದ ಮತ್ತೊಂದು ಪ್ರಕರಣವೂ ಉಲ್ಲೇಖಾರ್ಹ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ 1986ರಲ್ಲಿ ಲೆಕ್ಕಪತ್ರದ 75 ಸೆಂಟ್‌ಗಳ ವ್ಯತ್ಯಾಸವನ್ನು ಬೆನ್ನುಹತ್ತಿದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಅವರು ಜರ್ಮನಿಯಿಂದ ನುಸುಳುತ್ತಿದ್ದವನೊಬ್ಬನನ್ನು ಪತ್ತೆಹಚ್ಚಿದರು. ಅವನು ಸುಮಾರು 450 ಗಣಕಗಳ ಬಾಗಿಲು ತಟ್ಟಿ ಮೂವತ್ತಕ್ಕೂ ಹೆಚ್ಚು ಕಡೆ ಒಳಹೊಕ್ಕಿದ್ದನು. ಉಳಿದ ಕಡೆಗಳಲ್ಲಿ ನಿರಾಕರಣೆಯೇನೋ ಆಯಿತು. ಆದರೆ ಯಾರೋ ತಟ್ಟಿ ಹೋದರೆಂಬುದು ಬಹುಪಾಲು ಕೇಂದ್ರಗಳ ಗಮನಕ್ಕೆ ಬರಲಿಲ್ಲ. ವಿಫಲ ಯತ್ನವನ್ನು ತಡೆಯುವುದು ಬೇರೆ, ಬರೆದಿಡುವುದು ಬೇರೆ, ಬರೆದದ್ದನ್ನು ಓದುವುದು ಮತ್ತೂ ಬೇರೆ.

ಇಲ್ಲಿಯವರೆಗಿನ ಪ್ರಕರಣಗಳಲ್ಲೆಲ್ಲ ಪ್ರವೇಶ ಎಂಬುದು ಒಂದು ನಿಶ್ಚಿತ ಘಟನೆ. ಬಳಕೆದಾರನು ಹೆಸರು ಹೇಳಿ, ಪದ ಒಪ್ಪಿಸಿ, ಒಳಗೆ ಬಂದರೆ ಹೊರಹೋಗುವವರೆಗೆ ಮತ್ತೆ ಕೇಳುವವರಿಲ್ಲ. ಆದ್ದರಿಂದ ವಿಫಲ ಯತ್ನಗಳನ್ನು ಎಣಿಸುವುದು ಸುಲಭವಾಗಿತ್ತು. ವಿಶ್ವವ್ಯಾಪಿ ಜಾಲದ ಆಗಮನದಿಂದ ಈ ನೆಲೆಯೇ ಕುಸಿಯಿತು. ಜಾಲದ ಸಂವಹನ ನಿಯಮಾವಳಿಯಾದ ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ಕೋರಿಕೆಗೂ ಮುಂದಿನದಕ್ಕೂ ಅದು ಸಂಬಂಧ ಕಲ್ಪಿಸುವುದಿಲ್ಲ. ಪ್ರತಿಯೊಂದು ಕೋರಿಕೆಯೂ ತನ್ನ ಗುರುತನ್ನು ತಾನೇ ಹೊತ್ತು ತರಬೇಕು. ಜಿನೀವಾದ ಸರ್ನ್ ಸಂಸ್ಥೆಯಲ್ಲಿ 1994ರ ಮೇ ತಿಂಗಳಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಜಾಲ ಸಮ್ಮೇಳನದಲ್ಲಿ ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ ಅವರು ಪ್ರಾಕ್ಸಿ ಸರ್ವರ್‌ನ ಪರಿಕಲ್ಪನೆಯನ್ನು ಮಂಡಿಸಿದರು. ರಕ್ಷಣಾಗೋಡೆಯ ಒಳಗಿನವರಿಗೆ ಹೊರಜಾಲವನ್ನು ತಲುಪಿಸುವುದು, ಒಮ್ಮೆ ತಂದ ಪುಟವನ್ನು ಸಂಗ್ರಹಿಸಿಟ್ಟು ಮತ್ತೊಬ್ಬರಿಗೆ ನೀಡುವುದು ಅದರ ಕೆಲಸವಾಗಿತ್ತು. 1996ರಲ್ಲಿ ಡ್ಯುವೇನ್ ವೆಸೆಲ್ಸ್ ಅವರ ಮುಂದಾಳತ್ವದಲ್ಲಿ, ಹಾರ್ವೆಸ್ಟ್ ಯೋಜನೆಯ ತಂತ್ರಾಂಶವನ್ನು ಆಧರಿಸಿ ಬಂದ ಸ್ಕ್ವಿಡ್ ಎಂಬ ಮುಕ್ತ ತಂತ್ರಾಂಶವು ಜಗತ್ತಿನಾದ್ಯಂತ ವಿಶ್ವವಿದ್ಯಾಲಯಗಳಲ್ಲಿಯೂ ಕಚೇರಿಗಳಲ್ಲಿಯೂ ನೆಲೆಯೂರಿತು. ಸಂಪರ್ಕದ ವೇಗ ಕಡಿಮೆಯಿದ್ದು ವೆಚ್ಚ ಹೆಚ್ಚಿದ್ದ ಆ ಕಾಲದಲ್ಲಿ ಭಾರತದ ಕಾಲೇಜುಗಳಿಗೂ ಇಂಥ ಮಧ್ಯವರ್ತಿ ಅನಿವಾರ್ಯವಾಗಿತ್ತು. ಹೆಸರು ಮತ್ತು ಗುಪ್ತಪದ ಕೇಳುವ ಚಿಕ್ಕ ಕಿಟಕಿಯೇ ಅನೇಕ ವಿದ್ಯಾರ್ಥಿಗಳಿಗೆ ಅಂತರಜಾಲದ ಹೆಬ್ಬಾಗಿಲಾಗಿತ್ತು.

ಆ ಕಿಟಕಿಯ ಹಿಂದಿರುವುದು 407 ಎಂಬ ಸಂಖ್ಯೆ. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರ ವಿವರಣೆಯಲ್ಲಿ, ಜಾಲತಾಣದ ನಿರಾಕರಣೆಗೆ ಮೊದಲೇ ಇದ್ದ 401ರ ಪಕ್ಕದಲ್ಲಿ, ಪ್ರಾಕ್ಸಿಯ ನಿರಾಕರಣೆಗೆಂದು ಇದನ್ನು ಸೇರಿಸಲಾಯಿತು. ಬ್ರೌಸರ್ ಮೊದಲ ಬಾರಿಗೆ ಗುರುತನ್ನು ಹೇಳದೆಯೇ ಪುಟವನ್ನು ಕೋರುತ್ತದೆ, ಏಕೆಂದರೆ ಗುರುತು ಬೇಕೆಂಬುದೇ ಅದಕ್ಕಿನ್ನೂ ತಿಳಿದಿರುವುದಿಲ್ಲ. ಪ್ರಾಕ್ಸಿಯು 407 ಎಂದು ಉತ್ತರಿಸುತ್ತದೆ. ಬಳಕೆದಾರನು ಹೆಸರು ಮತ್ತು ಪದವನ್ನು ಬರೆದ ಮೇಲೆ ಅದೇ ಕೋರಿಕೆ ಮತ್ತೆ ಹೋಗುತ್ತದೆ. ಪದ ತಪ್ಪಾಗಿದ್ದರೆ ಬರುವ ಉತ್ತರವೂ 407. ಅಂದರೆ ‘ನೀನು ಯಾರೆಂದು ಇನ್ನೂ ಹೇಳಿಲ್ಲ’ ಎಂಬುದಕ್ಕೂ ‘ನೀನು ಹೇಳಿದ್ದು ಸುಳ್ಳು’ ಎಂಬುದಕ್ಕೂ ಸಂಖ್ಯೆ ಒಂದೇ. ಸ್ಕ್ವಿಡ್‌ನ ದಾಖಲೆಯ ಕಡತದಲ್ಲಿ ಎರಡೂ ನಿರಾಕರಣೆಯ ಸಾಲುಗಳಾಗಿ ಒಂದೇ ತೆರನಾಗಿ ಬೀಳುತ್ತವೆ. ಮೈಕ್ರೊಸಾಫ್ಟ್‌ನ ಎನ್.ಟಿ.ಎಲ್.ಎಂ. ವಿಧಾನವನ್ನು ಬಳಸಿದಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಅಲ್ಲಿ ಪರಿಚಯವು ಮೂರು ಹಂತದ ಮಾತುಕತೆ. ಗುಪ್ತಪದವು ಸಂಪೂರ್ಣ ಸರಿಯಾಗಿದ್ದರೂ ಎರಡು ಬಾರಿ 407 ದಾಖಲಾಗಿ ಮೂರನೆಯ ಬಾರಿಗೆ ಪುಟ ದೊರೆಯುತ್ತದೆ. ಮೂರು ನಿರಾಕರಣೆಗೆ ಬಾಗಿಲು ಮುಚ್ಚಬೇಕೆಂಬ ಹಳೆಯ ಕಟ್ಟಳೆಯನ್ನು ಈ ಕಡತಕ್ಕೆ ಕಣ್ಣುಮುಚ್ಚಿ ಅನ್ವಯಿಸಿದರೆ, ಒಂದು ತಪ್ಪನ್ನೂ ಮಾಡದವನು ಎರಡನೆಯ ಸಂಪರ್ಕದ ಹೊತ್ತಿಗೆ ಅಪರಾಧಿಯಾಗುತ್ತಾನೆ.

ಇದಕ್ಕೆ ಭಾಗಶಃ ಪರಿಹಾರವೊಂದು ಅದೇ 1997ರ ಜನವರಿಯಲ್ಲಿ ಬಂದ ಡೈಜೆಸ್ಟ್ ಎಂಬ ವಿಧಾನದಲ್ಲಿ ಅಡಗಿತ್ತು. ಬೇಸಿಕ್ ಎಂಬ ಹಿಂದಿನ ವಿಧಾನದಲ್ಲಿ ಹೆಸರು ಮತ್ತು ಪದಗಳು ಕೇವಲ ಅಕ್ಷರ ಬದಲಿಸಿದ ರೂಪದಲ್ಲಿ, ಯಾರು ಬೇಕಾದರೂ ಬಿಡಿಸಿ ಓದುವಂತೆ ಸಾಗುತ್ತಿದ್ದವು. ಡೈಜೆಸ್ಟ್‌ನಲ್ಲಿ ಸರ್ವರ್ ಒಂದು ತಾತ್ಕಾಲಿಕ ಸಂಖ್ಯೆಯನ್ನು ನೀಡುತ್ತದೆ; ಅದನ್ನೂ ಗುಪ್ತಪದವನ್ನೂ ಬೆರೆಸಿದ ಫಲಿತವಷ್ಟೇ ಜಾಲದಲ್ಲಿ ಹೋಗುತ್ತದೆ. ಆ ಸಂಖ್ಯೆಯ ಅವಧಿ ತೀರಿದ್ದರೆ ನಿರಾಕರಣೆಯ ಜೊತೆಗೆ ‘ಹಳತಾಗಿದೆ’ ಎಂಬ ಸೂಚನೆಯೂ ಬರುತ್ತದೆ. ಪದ ಸರಿಯಿದೆ, ಸಂಖ್ಯೆ ಮಾತ್ರ ಹಳೆಯದು, ಬಳಕೆದಾರನನ್ನು ಮತ್ತೆ ಕೇಳಬೇಡ ಎಂದು ಇದರರ್ಥ. ನಿರಾಕರಣೆಯ ಕಾರಣವನ್ನು ನಿರಾಕರಣೆಯೊಡನೆಯೇ ಹೇಳುವ ಈ ವಿವೇಕಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ; ಬೇಸಿಕ್ ವಿಧಾನವೇ ಸರಳತೆಯಿಂದಾಗಿ ಬಹುಕಾಲ ಪ್ರಚಲಿತವಾಗಿ ಉಳಿಯಿತು.

ಸ್ಕ್ವಿಡ್ ಸ್ವತಃ ತಪ್ಪುಗಳನ್ನು ಎಣಿಸುವುದಿಲ್ಲ. ಅದು ಹೆಸರು ಮತ್ತು ಪದವನ್ನು ಸಹಾಯಕ ಕ್ರಮವಿಧಿಯೊಂದಕ್ಕೆ ಒಪ್ಪಿಸಿ, ಸರಿ ಅಥವಾ ತಪ್ಪು ಎಂಬ ಉತ್ತರವನ್ನು ಪಡೆಯುತ್ತದೆ. ಸರಿ ಎಂದಾದರೆ ಆ ಉತ್ತರವನ್ನು ಕೆಲಕಾಲ, ಸಾಮಾನ್ಯವಾಗಿ ಎರಡು ಗಂಟೆ, ನೆನಪಿಟ್ಟುಕೊಳ್ಳುತ್ತದೆ. ಎಣಿಕೆಯ ಭಾರ ಬೀಳುವುದು ಹಿಂದಿರುವ ಬಳಕೆದಾರರ ಕೋಶದ ಮೇಲೆ, ಅಂದರೆ ಸಂಸ್ಥೆಯ ಎಲ್ಲ ಸೇವೆಗಳಿಗೂ ಸಾಮಾನ್ಯವಾದ ಡೈರೆಕ್ಟರಿಯ ಮೇಲೆ. ಅನಾಹುತ ಸಂಭವಿಸುವುದು ಇಲ್ಲಿಯೇ. ನೌಕರನೊಬ್ಬನು ತನ್ನ ಗುಪ್ತಪದವನ್ನು ನಿಯಮದಂತೆ ಬದಲಿಸುತ್ತಾನೆ. ಅವನ ಮೇಜಿನ ಗಣಕದಲ್ಲಿ ತಾನೇ ತಾನಾಗಿ ನವೀಕರಣ ಹುಡುಕುವ ತಂತ್ರಾಂಶವೊಂದು ಹಳೆಯ ಪದವನ್ನೇ ಉಳಿಸಿಕೊಂಡು ಪ್ರಾಕ್ಸಿಯನ್ನು ಪದೇ ಪದೇ ಕೋರುತ್ತಿರುತ್ತದೆ. ಚಿತ್ರಗಳು ತುಂಬಿದ ಒಂದು ಪುಟಕ್ಕೇ ಹತ್ತಾರು ಕೋರಿಕೆಗಳು ಏಕಕಾಲದಲ್ಲಿ ಹೊರಡುತ್ತವೆ. ಮನುಷ್ಯನ ಬೆರಳಿನ ವೇಗಕ್ಕೆಂದು ನಿಗದಿಯಾದ ಮಿತಿಯನ್ನು ಯಂತ್ರವು ಒಂದು ಸೆಕೆಂಡಿನೊಳಗೆ ದಾಟುತ್ತದೆ. ಖಾತೆಗೆ ಬೀಗ ಬಿದ್ದು, ಅಂತರಜಾಲದ ಜೊತೆಗೆ ಅಂಚೆಯೂ ಕಡತಗಳೂ ಅವನ ಕೈತಪ್ಪುತ್ತವೆ. ಇದನ್ನು ಮನಗಂಡು ವಿಂಡೋಸ್ ಸರ್ವರ್ 2003ರಲ್ಲಿ ಒಂದು ವಿನಾಯಿತಿಯನ್ನು ಸೇರಿಸಲಾಯಿತು: ಒಪ್ಪಿಸಿದ ತಪ್ಪು ಪದವು ಅದೇ ಬಳಕೆದಾರನ ಹಿಂದಿನ ಎರಡು ಗುಪ್ತಪದಗಳಲ್ಲಿ ಒಂದಾಗಿದ್ದರೆ ಅದನ್ನು ತಪ್ಪುಗಳ ಲೆಕ್ಕಕ್ಕೆ ಸೇರಿಸಬಾರದು. ನಿನ್ನೆಯವರೆಗಿನ ಕೀಲಿಯನ್ನು ಹಿಡಿದು ಬಂದವನು ಮನೆಯವನೇ ಇರಬೇಕೆಂಬ ಈ ತರ್ಕವು ಚಿಕ್ಕದಾದರೂ, ತಪ್ಪುಗಳನ್ನು ಎಣಿಸುವುದರಿಂದ ಅವುಗಳ ಬಗೆಯನ್ನು ವಿಂಗಡಿಸುವುದರ ಕಡೆಗೆ ಇಟ್ಟ ಹೆಜ್ಜೆಯಾಗಿದೆ.

ಬೀಗ ಹಾಕುವ ಕ್ರಮದ ಮತ್ತೊಂದು ಅಪಾಯವನ್ನು ಬೆನ್ನಿ ಪಿಂಕಸ್ ಮತ್ತು ಟೊಮಾಸ್ ಸ್ಯಾಂಡರ್ ಅವರು 2002ರಲ್ಲಿ ಚರ್ಚಿಸಿದ್ದಾರೆ. ಎದುರಾಳಿಯ ಹೆಸರು ತಿಳಿದಿದ್ದರೆ ಸಾಕು, ಬೇಕೆಂದೇ ಕೆಲವು ತಪ್ಪು ಪದಗಳನ್ನು ಒತ್ತಿ ಅವನನ್ನು ಹೊರಗಿಡಬಹುದು, ರಕ್ಷಣೆಯೇ ಆಯುಧವಾಗುತ್ತದೆ. ಖಾತೆಗೆ ಬದಲಾಗಿ ಕೋರಿಕೆ ಬಂದ ವಿಳಾಸವನ್ನೇ ತಡೆಯುವ ಕ್ರಮವೂ ಇದೆ. ದಾಖಲೆಯ ಕಡತವನ್ನು ಓದುತ್ತ ಹೋಗಿ, ತಪ್ಪುಗಳು ಮಿತಿಮೀರಿದ ವಿಳಾಸವನ್ನು ನಿರ್ಬಂಧಿಸುವ ಫೇಲ್‌ಟುಬ್ಯಾನ್ ಎಂಬ ತಂತ್ರಾಂಶವನ್ನು ಸಿರಿಲ್ ಜಾಕಿಯೆ ಅವರು 2004ರಲ್ಲಿ ಆರಂಭಿಸಿದರು. ಆದರೆ ಪ್ರಾಕ್ಸಿಯ ಹಿಂದಿರುವ ಸಾವಿರ ಜನರು ಹೊರಗಿನ ಜಾಲತಾಣಕ್ಕೆ ಒಂದೇ ವಿಳಾಸದವರಾಗಿ ಕಾಣುತ್ತಾರೆ. ಒಬ್ಬನ ತಪ್ಪಿಗೆ ಇಡೀ ಕಾಲೇಜಿಗೆ ಬಾಗಿಲು ಮುಚ್ಚುವ ಸಾಧ್ಯತೆ ಇಲ್ಲಿದೆ. ಹಿಂದಿರುವ ನಿಜವಾದ ವಿಳಾಸವನ್ನು ತಿಳಿಸಲು ಸ್ಕ್ವಿಡ್‌ನ ರಚನಕಾರರು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಶಿರೋಲೇಖವನ್ನು ಬಳಕೆಗೆ ತಂದರು. ಅದನ್ನು ಯಾರು ಬೇಕಾದರೂ ಸುಳ್ಳಾಗಿ ಬರೆಯಬಹುದಾದ್ದರಿಂದ, ಅದನ್ನೇ ನಂಬುವ ಸರ್ವರ್‌ಗೆ ಪ್ರತಿಯೊಂದು ಊಹೆಯೂ ಹೊಸ ಮನುಷ್ಯನಿಂದ ಬಂದಂತೆ ತೋರುತ್ತದೆ.

ನಿಯಮಗಳೂ ಕ್ರಮೇಣ ಸಡಿಲಗೊಂಡವು. ಪಾವತಿ ಕಾರ್ಡುಗಳ ಭದ್ರತಾ ಮಾನದಂಡವು ಆರು ತಪ್ಪುಗಳ ಮಿತಿಯನ್ನು 2022ರ ನಾಲ್ಕನೆಯ ಆವೃತ್ತಿಯಲ್ಲಿ ಹತ್ತಕ್ಕೆ ಏರಿಸಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ 2017ರ ಮಾರ್ಗಸೂಚಿಯಲ್ಲಿ ಒಂದು ಖಾತೆಗೆ ಸತತ ನೂರು ತಪ್ಪುಗಳವರೆಗೆ ಅವಕಾಶವಿದೆ. ಅದರೊಡನೆ ಪ್ರತಿ ತಪ್ಪಿನ ಬಳಿಕ ಕಾಯುವ ಅವಧಿಯನ್ನು ಹೆಚ್ಚಿಸುವ ಸಲಹೆಯೂ ಇದೆ. ಟೆನೆಕ್ಸ್‌ನ ಮೂರು ಸೆಕೆಂಡುಗಳ ವಿಳಂಬವೂ ಹಸಿರು ಪುಸ್ತಕದ ಸೂತ್ರವೂ ಹೀಗೆ ಮರಳಿ ಬಂದಂತಾಯಿತು. ಇತ್ತ ಆಕ್ರಮಣದ ರೀತಿಯೂ ಬದಲಾಗಿತ್ತು. ಒಂದು ಖಾತೆಯ ಮೇಲೆ ನೂರು ಪದಗಳನ್ನು ಪ್ರಯೋಗಿಸುವ ಬದಲು ಒಂದೇ ಸಾಮಾನ್ಯ ಪದವನ್ನು ನೂರು ಖಾತೆಗಳ ಮೇಲೆ ಪ್ರಯೋಗಿಸುವವನಿಗೆ ಖಾತೆವಾರು ಎಣಿಕೆಯಿಂದ ಯಾವ ಅಡ್ಡಿಯೂ ಇಲ್ಲ.

ಭಾರತದ ಸಂದರ್ಭದಲ್ಲಿ ವಿಫಲ ಯತ್ನದ ದಾಖಲೆಗೆ ಕಾನೂನಿನ ತೂಕವೂ ಬಂದಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ 2011ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೈಬರ್ ಕೆಫೆ ನಿಯಮಗಳು ಕೆಫೆಯಲ್ಲಿನ ಪ್ರಾಕ್ಸಿ ಸರ್ವರ್‌ನ ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದು ವಿಧಿಸಿದವು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನವು ಗಣಕವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ದೇಶದೊಳಗೆ ಇಡಬೇಕೆಂದು ಹೇಳಿತು. ಹೀಗೆ ಉಳಿದ ಕಡತಗಳನ್ನು ಸಾಕ್ಷ್ಯವಾಗಿ ಓದುವವರು, ಶಾಸನದ ಪಾಠವನ್ನು ನಿಷ್ಕರ್ಷಿಸುವವರಷ್ಟೇ ಎಚ್ಚರ ವಹಿಸಬೇಕಾಗುತ್ತದೆ. ನಿರಾಕರಣೆಯ ಸಾಲಿನಲ್ಲಿ ಒಬ್ಬರ ಹೆಸರಿದ್ದ ಮಾತ್ರಕ್ಕೆ ಅವರು ಅಲ್ಲಿದ್ದರೆಂದು ಅರ್ಥವಲ್ಲ. ಯಾರು ಬೇಕಾದರೂ ಆ ಹೆಸರನ್ನು ಬರೆಯಬಹುದು. ಆ ಸಾಲಿನ 407 ಊಹೆಯ ಸೋಲಾಗಿರಬಹುದು, ಎನ್.ಟಿ.ಎಲ್.ಎಂ. ಮಾತುಕತೆಯ ನಡುವಿನ ಹಂತವಾಗಿರಬಹುದು, ಮರೆತುಹೋದ ತಂತ್ರಾಂಶವೊಂದರ ಹಳೆಯ ಪದವಾಗಿರಬಹುದು. ಇನ್ನೂ ಒಂದು ಸಂಗತಿಯುಂಟು. ಅವಸರದಲ್ಲಿ ಹೆಸರಿನ ಜಾಗದಲ್ಲಿ ಗುಪ್ತಪದವನ್ನೇ ಬರೆದುಬಿಡುವವರು ಎಲ್ಲೆಡೆಯೂ ಇದ್ದಾರೆ. ಅಂಥವರ ಪದವು ಅಪರಿಚಿತ ಬಳಕೆದಾರನ ಹೆಸರಾಗಿ ದಾಖಲೆಯಲ್ಲಿ ಅಚ್ಚಳಿಯದೆ ನಿಲ್ಲುತ್ತದೆ. ಈ ಕಾರಣಕ್ಕಾಗಿಯೇ ಲಿನಕ್ಸ್‌ನ ಪ್ರವೇಶ ವ್ಯವಸ್ಥೆಯ ಸಂರಚನಾ ಕಡತದಲ್ಲಿ ಅಪರಿಚಿತ ಹೆಸರುಗಳನ್ನು ಬರೆದಿಡಬೇಕೆ ಬೇಡವೆ ಎಂಬುದಕ್ಕೆ ಪ್ರತ್ಯೇಕ ಆಯ್ಕೆಯೊಂದಿದ್ದು, ಬರೆದಿಡುವುದು ಅಪಾಯಕಾರಿಯಾಗಬಹುದೆಂಬ ಎಚ್ಚರಿಕೆಯನ್ನೂ ಅದರೊಡನೆ ನೀಡಲಾಗಿದೆ.